ಹಳಿಯ ಮೇಲೆ ಬೂದುಗುಂಬಳ

ಶೇಷಾದ್ರಿಪುರದಿಂದ ಮಲ್ಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಹೆಂಚಿನ ಕಾರ್ಖಾನೆಯ ಆವರಣದೊಳಗೆ ಪುಟ್ಟದೊಂದು ಉಗಿಬಂಡಿ ಇದೆ. ಅದರ ಎರಡು ಹಳಿಗಳ ನಡುವಿನ ಅಂತರ ನಮ್ಮ ಅಡುಗೆಮನೆಯ ಕಟ್ಟೆಯ ಅಗಲದಷ್ಟೇ. ಒಂದು ಕಾಲಕ್ಕೆ ಹೊಂಡದಿಂದ ಜೇಡಿಮಣ್ಣು ಎಳೆದು ತರುತ್ತಿದ್ದ ಈ ಬಂಡಿ, ಕಾರ್ಖಾನೆ ಮುಚ್ಚಿದ ಮೇಲೆ ಗುಜರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬಡಾವಣೆಯ ನಿವೃತ್ತರು ಸೇರಿ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಮಣ್ಣಿನ ಬೋಗಿಗಳಿಗೆ ಬೆಂಚು ಜೋಡಿಸಿ, ಭಾನುವಾರಗಳಂದು ಜನರನ್ನು ಕೂರಿಸಿ ಓಡಿಸುತ್ತಾರೆ. ಅದು ಉಗಿ ಬಿಟ್ಟು ಹೊರಡುವುದನ್ನು ಕಂಡರೆ ನೋಡಿದವರ ಮುಖ ಅರಳುತ್ತದೆ. ಇದು ಅಭಿಪ್ರಾಯವಲ್ಲ, ವರದಿ.

ನಾನು ಪತ್ರಿಕೆಯೊಂದರ ಸ್ಥಳೀಯ ಪುಟದಲ್ಲಿ ದುಡಿದು ನಿವೃತ್ತನಾದವನು. ಕೆಲಸದಲ್ಲಿದ್ದಷ್ಟು ಕಾಲವೂ ಸಮಾರಂಭಗಳ ಸುದ್ದಿ ಬರೆದೆ. ಇಂಥವರು ಚಾಲನೆ ನೀಡಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಮತ್ತಿತರರು ಉಪಸ್ಥಿತರಿದ್ದರು. ಒಮ್ಮೆಯಾದರೂ ಇಂಥ ಸುದ್ದಿಯ ಮೊದಲ ಸಾಲಿನಲ್ಲಿ ನಾನಿರಬೇಕೆಂಬ ಆಸೆ ಸದ್ದಿಲ್ಲದೆ ಬೆಳೆದಿತ್ತು. ಹೀಗಾಗಿ ಈ ರೈಲಿಗೆ ಗಾರ್ಡ್ ಬೇಕಾಗಿದ್ದಾರೆಂದು ಕೇಳಿದ್ದೇ ಓಡಿದೆ. ಗಾರ್ಡ್ ಎಂದರೆ ಟೋಪಿ, ಸೀಟಿ, ಹಸಿರು ಬಾವುಟ!

ಈ ನಿವೃತ್ತರ ಸಂಘದ ಮುಖ್ಯಸ್ಥರೂ ರೈಲಿನ ಚಾಲಕರೂ ಆದ ಅನಂತರಾಮು ಹಿಂದೆ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಸಾಲದ ಅರ್ಜಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಆಯುಧ ಪೂಜೆ ದಿನ ಗಾಡಿ ಪೂಜೆ ನಿಮ್ದು. ಅವತ್ತು ಸರಿಯಾಗಿ ಹೊರಡಿಸಿಬಿಟ್ರೆ ಬಾವುಟ ಖಾಯಂ ನಿಮ್ಗೇ. ಆಗುತ್ತಾ?"

"ಆಯ್ತು ಅಂತ್ಲೇ ಅಂದ್ಕೊಳ್ಳಿ ಸಾರ್," ಎಂದೆ.

ಮನೆಗೆ ಬಂದು ಹೆಂಡತಿ ವಸುಧಾಗೆ ವಿಷಯ ತಿಳಿಸಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಲೇ, "ಹೋದ್ವರ್ಷ ಸ್ಕೂಟರ್ ಪೂಜೆಲಿ ಸೈಲೆನ್ಸರ್‌ಗೆ ಹಾರ ಸುತ್ತಿ ಸುಟ್ಟಾಕಿದ್ರಲ್ಲ, ಹಂಗೇನಾ?" ಎಂದಳು.

ದೊಡ್ಡ ಹೊಣೆ ಹೊತ್ತವರು ಸಣ್ಣ ಮಾತಿಗೆ ಉತ್ತರಿಸುವುದಿಲ್ಲ.

ಪೂಜೆಗೆ ಮೊದಲು ಶುಚಿ. ಹಬ್ಬದ ಹಿಂದಿನ ದಿನ ಎಂಜಿನ್ನಿನ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ಅದರ ಬೆನ್ನ ಮೇಲಿದ್ದ ಡಬ್ಬಿಯೊಂದರ ಮುಚ್ಚಳ ತೆಗೆದರೆ, ಒಳಗೆ ಬರೀ ಮರಳು! ಎಂಥ ನಿರ್ಲಕ್ಷ್ಯ ಎಂದು ಮರುಗಿ, ಅಷ್ಟನ್ನೂ ಬಳಿದು ಕಸದ ಗಾಡಿಗೆ ಹಾಕಿಸಿದೆ. ಖಾಲಿಯಾದ ಡಬ್ಬಿಯಲ್ಲಿ ಸೇವಂತಿಗೆ ಎಸಳು ತುಂಬಿಟ್ಟೆ.

ಆಮೇಲೆ ಬೂದುಗುಂಬಳ. ಸ್ಕೂಟರಿಗಾದರೆ ಒಂದು ಸಾಕು. ರೈಲಿಗೆ ಹಳಿ ಎರಡು. ಹಾಗಾಗಿ ಎರಡು ತಂದೆ. ತರ್ಕದಲ್ಲಿ ದೋಷವಿರಲಿಲ್ಲ.

ಹಬ್ಬದ ಬೆಳಿಗ್ಗೆ ಬಾಳೆಕಂದು ಕಟ್ಟಿಸಿಕೊಂಡ ಎಂಜಿನ್ ಮದುಮಗನ ಗತ್ತಿನಲ್ಲಿ ನಿಂತಿತ್ತು. ಬೋಗಿಗಳ ತುಂಬ ನಮ್ಮ ಬೀದಿಯವರೇ. ಮೊದಲ ಬೋಗಿಯಲ್ಲಿ ಎದುರುಮನೆಯ ಪದ್ಮಕ್ಕ, ಕೈಯಲ್ಲಿ ಕಡಲೆಪುರಿ ಪೊಟ್ಟಣ. ವಸುಧಾ ಎಂಜಿನ್ ಮುಂದೆ ರಂಗೋಲಿ ಬಿಟ್ಟು, ಪುಡಿಯ ಡಬ್ಬ ಹಿಡಿದು ಪಕ್ಕಕ್ಕೆ ಸರಿದಳು. ನಾನು ಗಾಲಿಗೊಂದು ನಿಂಬೆಹಣ್ಣಿಟ್ಟು, ಎರಡೂ ಹಳಿಗಳ ಮೇಲೆ ಕುಂಬಳಕಾಯಿ ಒಡೆದು, ಸೀಟಿ ಊದಿ ಬಾವುಟ ಬೀಸಿದೆ.

ಎಂಜಿನ್ ಕೂಗಿತು. ಹೊಗೆ ಎದ್ದಿತು. ಗಾಲಿಗಳು ಗಿರಗಿರನೆ ತಿರುಗಿದವು. ಜನ ಚಪ್ಪಾಳೆ ತಟ್ಟಿದರು. ಕೊರತೆ ಒಂದೇ: ರೈಲು ನಿಂತಲ್ಲೇ ಇತ್ತು.

"ಏನ್ರೀ ಇದು, ದೋಸೆಗೆ ರುಬ್ಬೋ ಹಂಗೆ ನಿಂತಲ್ಲೇ ತಿರುಗ್ತಿದೆ?" ಎಂದರು ಪದ್ಮಕ್ಕ.

"ಕುಂಬಳಕಾಯಿ ತಿರುಳಿಗೆ ಜಾರ್ತಿದೆ ಅಷ್ಟೆ," ಎಂದು ಅನಂತರಾಮು ಸಮಾಧಾನ ಹೇಳಿದರು. "ಹಳಿಗೆ ಮರಳು ಬಿಟ್ರೆ ಹಿಡ್ಕೊಳ್ಳುತ್ತೆ. ಮೇಲಿನ ಡಬ್ಬಿ ಇರೋದೇ ಅದಕ್ಕೆ."

ಅವರು ಹಿಡಿಯೊಂದನ್ನು ಎಳೆದರು. ಗಾಲಿಗಳ ಮುಂದೆ ಸೇವಂತಿಗೆ ಎಸಳು ಸುರಿದವು.

ಅನಂತರಾಮು ಎಸಳುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಮರಳೆಲ್ಲಿ ಸ್ವಾಮಿ?"

"ಅದು... ಕಸ ಅಂದ್ಕೊಂಡು..."

ಪರಿಸ್ಥಿತಿಯನ್ನು ಹತೋಟಿಗೆ ತರಲು ಒಂದು ಬಕೆಟ್ ನೀರು ಸುರಿದೆ. ಅಂಗೈಯಗಲ ಇದ್ದ ಜಾರುಬಂಡೆ ಹಳಿಯುದ್ದಕ್ಕೂ ಹರಡಿತು. "ತಳ್ಳೋಣ ಬನ್ನಿ," ಎಂದು ಕರೆಕೊಟ್ಟು ಮೊದಲಿಗನಾಗಿ ಹೆಗಲು ಕೊಟ್ಟೆ, ಮೊದಲಿಗನಾಗಿಯೇ ಬಿದ್ದೆ. ಬೆನ್ನ ಮೇಲೆ ಜಾರಿಕೊಂಡು ಎರಡನೆಯ ಬೋಗಿಯವರೆಗೆ ಹೋದೆ. ಆ ಮಾರ್ಗದಲ್ಲಿ ಅಂದು ನಡೆದ ಮೊದಲ ಸಂಚಾರ ಅದೇ.

"ಗಾರ್ಡ್ ಸಾಹೇಬ್ರು ನಮಗಿಂತ ಮುಂಚೆ ಹೊರಟ್ಬಿಟ್ರಲ್ಲ," ಎಂದು ಪದ್ಮಕ್ಕ ಕಡಲೆಪುರಿ ಬಾಯಿಗೆ ಹಾಕಿಕೊಂಡರು.

"ರೀ, ಎದ್ದು ಆ ಗೋಣಿಚೀಲದಲ್ಲಿ ಹಳಿ ಒರೆಸಿ," ಎಂದ ವಸುಧಾ, ಚಾಲಕರತ್ತ ತಿರುಗಿದಳು. "ಅನಂತರಾಮು ಅವ್ರೇ, ಮರಳೇ ಆಗ್ಬೇಕಾ? ಇದು ಕಲ್ಲು ಕುಟ್ಟಿ ಮಾಡಿರೋ ರಂಗೋಲಿ ಪುಡಿ. ತರಿತರಿಯಾಗಿದೆ, ಮುಟ್ಟಿ ನೋಡಿ."

ಅವರು ಬೆರಳಲ್ಲಿ ತಿಕ್ಕಿ ನೋಡಿದರು. "ಹಾಕಿ ತಾಯಿ."

ನಾನು ಒರೆಸಿದೆ. ಅವಳು ಮನೆಬಾಗಿಲಲ್ಲಿ ಎಳೆ ಬಿಡುವಂತೆಯೇ ಬೆರಳ ಸಂದಿಯಿಂದ ಪುಡಿ ಬಿಡುತ್ತ ಹೋದಳು. ಎರಡು ಹಳಿಗೆ ಎರಡು ಬಿಳಿ ಎಳೆ, ಎಲ್ಲಿಯೂ ಕಡಿಯದೆ. ಗಾಲಿ ಒಮ್ಮೆ ಕಿರುಗುಟ್ಟಿತು, ಹಿಡಿಯಿತು, ಮೆಲ್ಲಗೆ ಉರುಳಿತು. ಮಣ್ಣು ಹೊತ್ತು ಸವೆದ ಆ ಪುಟ್ಟ ಎಂಜಿನ್ ನನ್ನ ಪೂಜೆಯನ್ನೂ ಸಹಿಸಿಕೊಂಡು, ಇಡೀ ಬೀದಿಯನ್ನು ಎಳೆದುಕೊಂಡು ಏರು ಹತ್ತಿತು. ಮೈಗೆಲ್ಲ ಕುಂಬಳದ ಬೀಜ ಅಂಟಿಸಿಕೊಂಡು ನಿಂತವನು ಕೈ ಮುಗಿದೆ.

ಅನಂತರಾಮು ಮಾತಿಗೆ ತಪ್ಪುವವರಲ್ಲ. ಗಾಡಿ ಹೊರಡಿಸಿದವರಿಗೆ ಬಾವುಟ ಎಂದಿದ್ದರು, ಹೊರಡಿಸಿದವರಿಗೇ ಕೊಟ್ಟರು. ಟೋಪಿ ವಸುಧಾಗೆ ಅಳತೆ ಕೊಟ್ಟು ಹೊಲಿಸಿದಂತಿದೆ.

ಬಡಾವಣೆಯ ಪತ್ರಿಕೆಗೆ ಸುದ್ದಿ ಬರೆಯುವ ಕೆಲಸ ಮಾತ್ರ ನನಗೇ ಬಂತು. ಚಿತ್ರದಲ್ಲಿ ಮುಂದೆ ಬಾವುಟ ಹಿಡಿದ ವಸುಧಾ, ಹಿಂದೆ ಪೊರಕೆ ಹಿಡಿದು ಬಗ್ಗಿ ಕುಂಬಳದ ಚೂರು ಗುಡಿಸುತ್ತಿರುವ ನಾನು. ವೃತ್ತಿಧರ್ಮ ಬಿಡದೆ ಬರೆದೆ: "ಗಾರ್ಡ್ ವಸುಧಾ ಅವರು ರೈಲಿಗೆ ಚಾಲನೆ ನೀಡಿದರು. ಮತ್ತಿತರರು ಉಪಸ್ಥಿತರಿದ್ದರು."