ಚಿನ್ನವಿದ್ದವನಿಗೆ ದೋಣಿಯಿಲ್ಲ

"ಈ ಭಾನುವಾರ ಆ ದ್ವೀಪಕ್ಕೆ ಮೊದಲು ಕಾಲಿಡೋನು ನಾನೇ! ಸೋತ್ರೆ ಒಂದು ತಿಂಗಳು ಪಾತ್ರೆ ತಿಕ್ಕೋದು ನನ್ನ ಪಾಲು!" ಎಂದು ಮೀಸೆ ತಿರುವಿ ಶಪಥ ಮಾಡಿಯೇಬಿಟ್ಟರು ನಮ್ಮ ಬಸ್ ಕಂಡಕ್ಟರು.

ಎದುರಾಳಿ ಬೇರಾರೂ ಅಲ್ಲ, ಕೈಹಿಡಿದ ಹೆಂಡತಿ! ಮಗಳು ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದ ಓಬೀರಾಯನ ಕಾಲದ ವಿಡಿಯೋ ಗೇಮ್ ಅದು. ಚೌಕ ಮುಖದ ವೀರನೊಬ್ಬ ಕೂಲಿ ಮಾಡಿ, ಕತ್ತಿ ಕೊಂಡು, ರಾಕ್ಷಸನನ್ನು ಗೆದ್ದು, ದೋಣಿ ಹತ್ತಿ ದ್ವೀಪ ಸೇರಬೇಕು. ಹೆಂಡತಿಯ ವೀರ ಆಟದೊಳಗಿನ ಹೋಟೆಲಿನಲ್ಲಿ ತಟ್ಟೆ ತೊಳೆದು, ಒಂದೊಂದೇ ತಾಮ್ರದ ಕಾಸು ಕೂಡಿಡುತ್ತಿದ್ದ.

ಕಂಡಕ್ಟರರಿಗೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು? ಮಗಳ ಬೆನ್ನುಬಿದ್ದು, ದುಡ್ಡೇ ಮುಗಿಯದ ಹಾಗೆ ಯಾರೋ ಪುಣ್ಯಾತ್ಮರು ತಿದ್ದಿದ್ದ ಅದೇ ಆಟವನ್ನು ಗುಟ್ಟಾಗಿ ತಮ್ಮ ಫೋನಿಗೆ ಹಾಕಿಸಿಕೊಂಡರು. ಚೀಲದಲ್ಲಿ ಬರೀ ಚಿನ್ನದ ನಾಣ್ಯ, ಎಷ್ಟು ತೆಗೆದರೂ ಅಷ್ಟೇ!

"ಅಪ್ಪಾ, ಇದು ಮೋಸ ಅಲ್ವಾ?"

"ಮೋಸ ಅಲ್ಲಮ್ಮ, ಅನುಕೂಲ!"

ಭಾನುವಾರ ಊಟ ಮುಗಿದದ್ದೇ ಗಂಡ ಹೆಂಡತಿ ಸೋಫಾದ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತರು. ಮನೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಮಹಾನುಭಾವರು ಅಲ್ಲಿ ಕುದುರೆ ಕೊಂಡರು, ಅರಮನೆ ಕೊಂಡರು. ರಾಕ್ಷಸನ ಕೈಯನ್ನೂ ಬೆಚ್ಚಗೆ ಮಾಡಿದರು! ಅವನು ಗದೆ ಬದಿಗಿಟ್ಟು, ಸಲಾಮು ಹೊಡೆದು ದಾರಿ ಬಿಟ್ಟ. ನೋಡನೋಡುತ್ತಲೇ ನಮ್ಮ ವೀರ ದೋಣಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ಒಂದು ತಾಮ್ರದ ಕಾಸು ಕೊಡಿ," ಎಂದ ಅಂಬಿಗ. ಕಂಡಕ್ಟರರು ಠೀವಿಯಿಂದ ಚಿನ್ನದ ನಾಣ್ಯ ಚಾಚಿದರು.

"ಚಿಲ್ಲರೆ ಇಲ್ಲ. ಇಳೀರಿ."

ಕಂಡಕ್ಟರರು ಫೋನನ್ನೇ ದುರುಗುಟ್ಟಿ ನೋಡಿದರು. ಇಷ್ಟು ವರ್ಷ ಬಸ್ಸಿನಲ್ಲಿ ತಾವು ಕಂಡಕಂಡವರಿಗೆಲ್ಲ ಹೇಳಿದ ಮಾತು, ತಮ್ಮದೇ ಫೋನಿನೊಳಗಿಂದ, ತಮಗೇ!

"ಬಾಕಿ ನೀನೇ ಇಟ್ಕೊಳ್ಳಯ್ಯಾ! ಏನು ದೌಲತ್ತೋ ನಿಂದು!"

"ಯಾರ ಹತ್ರ ರೀ ಜಗಳ?" ಹೆಂಡತಿ ತಲೆಯೆತ್ತದೆ ಕೇಳಿದಳು.

"ಯಾರೋ ಪ್ಯಾಸೆಂಜರು... ಅಲ್ಲ, ಪ್ಯಾಸೆಂಜರು ನಾನೇ!"

ಅಂಬಿಗ ಜಪ್ಪಯ್ಯ ಅನ್ನಲಿಲ್ಲ. ಸರಿ, ಒಂದು ಕಾಸು ದುಡಿದೇಬಿಡೋಣ ಎಂದು ಹೋಟೆಲಿಗೆ ಓಡಿದರು. ಮಾಲೀಕ ಚೀಲ ನೋಡಿ ನಡುಬಗ್ಗಿಸಿದ: "ನಿಮ್ಮಂಥ ಧಣಿಗಳ ಕೈಲಿ ತಟ್ಟೆ ತೊಳೆಸೋದುಂಟೇ, ಬುದ್ಧೀ?" ಕುದುರೆ ಮಾರಿದರೆ ಚಿನ್ನವೇ ಬಂತು. ಅರಮನೆ ಮಾರಿದರೂ ಚಿನ್ನವೇ! ಚಿನ್ನವನ್ನೆಲ್ಲ ಬಾವಿಗೆ ಸುರಿದು ತಿರುಗಿದರೆ ಚೀಲ ಮತ್ತೆ ಭರ್ತಿ! ಬಡವನಾಗುವುದು ಇಷ್ಟು ಕಷ್ಟವೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಕಹಳೆ ಮೊಳಗಿತು. "ಅಮ್ಮ ದ್ವೀಪ ಸೇರಿದ್ಲು!" ಎಂದು ಮಗಳು ಕುಣಿದಳು.

ಕಂಡಕ್ಟರರಿಗೆ ಗುಟ್ಟು ಮುಚ್ಚಿಡಬೇಕೆಂಬ ಎಚ್ಚರವೂ ತಪ್ಪಿತು. "ಚೀಲದ ತುಂಬ ಚಿನ್ನ ಇಟ್ಕೊಂಡು ಆ ಹೋಟೆಲಿನವನ ಕಾಲು ಹಿಡಿದೆ ಕಣೇ! ಸಾಹುಕಾರ ಅಂತ ಒಂದೇ ಒಂದು ತಟ್ಟೆ ತೊಳೆಯೋಕೂ ಬಿಡಲಿಲ್ಲ, ಪಾಪಿ!"

ಹೆಂಡತಿ ಎದ್ದು ಬಂದು, ಅವರ ರಟ್ಟೆ ಹಿಡಿದು, ಅಡುಗೆಮನೆಯ ಸಿಂಕಿನ ಮುಂದೆ ನಿಲ್ಲಿಸಿದಳು.

"ಕೊರಗಬೇಡಿ. ನಮ್ಮಲ್ಲಿ ಸಾಹುಕಾರ, ಬಡವ ಅಂತ ಭೇದ ಇಲ್ಲ. ಬಾಣಲೆಯಿಂದ ಶುರು ಮಾಡಿ!"