ಹನ್ನೊಂದು ನಿಮಿಷಕ್ಕೊಂದು ಟಿಂಕ್

ಟಿಂಕ್.

ರಾತ್ರಿ ಒಂದೂಕಾಲಿಗೆ ಕೇಳಿಸಿದ್ದು ಇಷ್ಟೇ. ಯಾರೋ ಚಮಚದ ತುದಿಯನ್ನು ಗಾಜಿನ ಲೋಟಕ್ಕೆ ಒಂದೇ ಒಂದು ಸಲ ಮುಟ್ಟಿಸಿದ ಹಾಗೆ. ಆಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ. ಇನ್ನೇನು ನಿದ್ದೆ ಹತ್ತಬೇಕು, ಮತ್ತೆ ಟಿಂಕ್.

"ರೀ," ಎಂದಳು ಹೆಂಡತಿ ಕತ್ತಲಲ್ಲೇ. "ಇದು ಐದನೇ ರಾತ್ರಿ. ನಾಳೆ ಆ ಫೋನ್ ಈ ಕೋಣೇಲಿ ಮಲಗಿದ್ರೆ, ನಾನು ಹೋಗಿ ಅಕ್ಕನ ಮನೇಲಿ ಮಲಗ್ತೀನಿ."

ಅವಳ ಸಿಟ್ಟಿಗೆ ಕಾರಣವಿತ್ತು. ಅವಳು ಸ್ವೆಟರ್ ಹೆಣೆದು ಮಾರುವವಳು. ನಿದ್ದೆಗೆಟ್ಟು ಹಿಂದಿನ ದಿನ ಒಂದು ಸ್ವೆಟರಿಗೆ ಎರಡೂ ತೋಳುಗಳನ್ನು ಒಂದೇ ಕಡೆ ಹಚ್ಚಿ, ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಗಂಡನಿಗೂ ಫೋನಿನ ಮೇಲೇ ಅನುಮಾನ. ಬರೀ ಅನುಮಾನದ ಮೇಲೆ ತೀರ್ಪು ಕೊಡುವವನಲ್ಲವಾದ್ದರಿಂದ ಪರೀಕ್ಷೆಯನ್ನೂ ಮಾಡಿದ್ದ. ಮೊನ್ನೆ ರಾತ್ರಿ ಫೋನನ್ನು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿದ. ಕೋಣೆಯಲ್ಲಿ ಬೆಳಗಿನವರೆಗೆ ಚಕಾರವಿಲ್ಲ. ಆದರೆ ನಸುಕಿನ ನಾಲ್ಕೂವರೆಗೆ ಅಧಿಕಾರಿಗಳು ಕರೆ ಮಾಡಿದ್ದೂ ಕೇಳಿಸಲಿಲ್ಲ. ಅವನು ಕೆಲಸಕ್ಕಿದ್ದದ್ದು ತೂಕ-ಅಳತೆ ಕಚೇರಿಯಲ್ಲಿ. ಯಾವ ಮಾರುಕಟ್ಟೆಯ ತಕ್ಕಡಿಗಳ ಮೇಲೆ ದಾಳಿ ಎಂಬುದನ್ನು ಗುಟ್ಟು ಸೋರದಿರಲೆಂದು ನಸುಕಿನಲ್ಲೇ ಫೋನ್ ಮಾಡಿ ತಿಳಿಸುವುದು ಅಲ್ಲಿನ ಪದ್ಧತಿ. ಇನ್ನೊಂದು ಕರೆ ತಪ್ಪಿದರೆ ಅವನನ್ನು ದಾಳಿಯ ಕೆಲಸದಿಂದ ತೆಗೆದು ಕಡತಗಳ ಕೋಣೆಗೆ ಹಾಕುವುದಾಗಿ ಅಧಿಕಾರಿಗಳು ಹೇಳಿದ್ದರು. ಫೋನ್ ತಲೆದಿಂಬಿನ ಪಕ್ಕ ಇರಲೇಬೇಕು. ಇದ್ದರೆ ಹೆಂಡತಿ ಇರುವುದಿಲ್ಲ. ಹೊಸ ಫೋನ್ ಕೊಳ್ಳದೆ ಗತಿಯಿರಲಿಲ್ಲ.

ಕಚೇರಿಯಲ್ಲಿ ಅವನಿಗೆ ಮಿಲಿಗ್ರಾಂ ಎಂದು ಹೆಸರು. ತಕ್ಕಡಿ ಅಷ್ಟು ತಪ್ಪಿದರೂ ಬಿಡುವವನಲ್ಲ ಎಂದು. ಬೆಳಿಗ್ಗೆ ಬಂದವನೇ ಒಂದು ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ 'ಗುಣ', ಬಲಕ್ಕೆ 'ರಾಜಿ' ಎಂದು ಬರೆದ. ಕಡಿಮೆ ಬೆಲೆಯ ಫೋನ್ ಎಂದಮೇಲೆ ಬಲಗಡೆಯ ಕಾಲಮ್ಮಿಗೆ ಜಾಗ ಹೆಚ್ಚು ಬಿಟ್ಟ.

ಪುಸ್ತಕ ಕಂಡದ್ದೇ ತಡ, ಟೈಪಿಸ್ಟ್ ಮೇಡಂ ಕುರ್ಚಿ ಎಳೆದುಕೊಂಡು ಬಂದರು. ತಕ್ಕಡಿಗಳಿಗೆ ಸೀಸದ ಮುದ್ರೆ ಹಾಕುವ ಹಿರಿಯರು, ಎಲ್ಲರೂ ಸೀಲಿನ ಮಾವ ಎಂದು ಕರೆಯುವವರು, ಕೆಲಸ ಅಷ್ಟಕ್ಕೇ ಬಿಟ್ಟು ಬಂದರು. ಸದ್ದು ಹೇಗಿರುತ್ತದೆ ಎಂದು ಇಬ್ಬರೂ ಕೇಳಿದರು. ಮಿಲಿಗ್ರಾಂ ಗಂಟಲು ಸರಿಮಾಡಿಕೊಂಡು, "ಟಿಂಕ್," ಎಂದ.

ಸುತ್ತಲಿನ ಮೇಜುಗಳ ಮೇಲೆ ಪರೀಕ್ಷೆಗೆ ಬಂದ ಮೂವತ್ತು ನಲವತ್ತು ಡಿಜಿಟಲ್ ತಕ್ಕಡಿಗಳು ಎಂದಿನಂತೆ ತಮ್ಮ ಪಾಡಿಗೆ ತಾವು ಕೂಗಿಕೊಳ್ಳುತ್ತಿದ್ದವು. ಹತ್ತೊಂಬತ್ತು ವರ್ಷದಿಂದ ಆ ಗಲಾಟೆಯ ನಡುವೆ ಕೂತವರು ಕಿವಿ ಮುಂದೆ ಮಾಡಿ ಯೋಚಿಸಿದರು.

"ಎಲ್ಲೂ ಕೇಳಿದ ಹಾಗಿಲ್ವಲ್ಲ," ಎಂದರು ಸೀಲಿನ ಮಾವ.

ಪರೀಕ್ಷೆಯಾಗಲಿ ಎಂದು ತೀರ್ಮಾನವಾಯಿತು. ಮಿಲಿಗ್ರಾಂ ಫೋನನ್ನು ಎಲ್ಲರಿಗೂ ಕಾಣುವಂತೆ ನಡುವೆ ಇಟ್ಟ. ಏನನ್ನಾದರೂ ಇಡುವುದೆಂದರೆ ಅವನ ಕೈ ತಾನಾಗಿ ತಕ್ಕಡಿಯ ತಟ್ಟೆಗೇ ಹೋಗುತ್ತಿತ್ತು, ಈಗಲೂ ಹೋಯಿತು. ಮಾವ ಗಡಿಯಾರ ಬಿಚ್ಚಿ ಹಿಡಿದರು. ಮೂವರೂ ಉಸಿರು ಬಿಗಿಹಿಡಿದು ಫೋನನ್ನೇ ನೋಡಿದರು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಸರಿಯಾಗಿ ಹನ್ನೊಂದನೇ ನಿಮಿಷಕ್ಕೆ, ಟಿಂಕ್.

"ಬಂತು, ಅದರಿಂದಲೇ ಬಂತು," ಎಂದರು ಮಾವ. "ನನ್ನ ಕಣ್ಣಾರೆ ಕೇಳಿದೆ."

ಫೋನಿನ ಹಣೆಬರಹ ಅಲ್ಲಿಗೆ ಮುಗಿಯಿತು. ಐದು ವರ್ಷ ಹಳೆಯದಾದರೂ ಅದು ಒಳ್ಳೆಯ ಫೋನೇ. ಮೂರು ಸಲ ಮೆಟ್ಟಿಲಿಂದ ಬಿದ್ದರೂ ಗೀರಿಲ್ಲ, ತೆಗೆದ ಚಿತ್ರದಲ್ಲಿ ಸೀಲಿನ ಮೇಲಿನ ಸಣ್ಣ ಅಂಕಿಯನ್ನೂ ಓದಬಹುದಿತ್ತು. ಟೈಪಿಸ್ಟ್ ಮೇಡಂ ಅವರ ಫೋನಿನ ಗಾಜು ಜೇಡರ ಬಲೆಯಂತೆ ಒಡೆದಿತ್ತು. ಅವನ ಹಳೆಯದನ್ನು ತಮಗೇ ಕೊಡಿ ಎಂದರು. ಸದ್ದಾದರೆ ಆಗಲಿ, ಅದು ಹೇಗೆ ಆಗುತ್ತದೆ ಅಂತ ನೋಡುವ ಕುತೂಹಲ ತಮಗಿದೆ ಎಂದರು. ಮಿಲಿಗ್ರಾಂ ಒಪ್ಪಿದ.

ಮಧ್ಯಾಹ್ನ ಅವನು ಫೋನಿನ ಅಂಗಡಿಗೆ ಹೊರಟಾಗ ಮೇಡಂ, ಮಾವ ಇಬ್ಬರೂ ಜೊತೆಗೇ ಹೊರಟರು. ಅವನ ಬೆಲೆಗೆ ಎರಡೇ ಫೋನುಗಳು ಸಿಕ್ಕವು. ಒಂದು ತೆಳ್ಳಗೆ, ನುಣ್ಣಗೆ. ಚಿತ್ರ ಚೆನ್ನಾಗಿ ಬರುತ್ತಿತ್ತು. ಆದರೆ ಅದರ ರಿಂಗು ಮುಚ್ಚಿದ ಡಬ್ಬದೊಳಗಿನ ಸೊಳ್ಳೆಯಂತೆ, ಬ್ಯಾಟರಿ ಸಂಜೆ ಮುಟ್ಟುತ್ತಿರಲಿಲ್ಲ. ಇನ್ನೊಂದು ಇಟ್ಟಿಗೆಯಂಥದ್ದು. ಬ್ಯಾಟರಿ ಎರಡು ದಿನ. ರಿಂಗಿಗೆ ಪಕ್ಕದ ಅಂಗಡಿಯವನು ತನ್ನ ಜೇಬು ಮುಟ್ಟಿ ನೋಡಿಕೊಂಡ. ಟಾರ್ಚಂತೂ ಹಗಲಲ್ಲೂ ಕಣ್ಣು ಕುಕ್ಕಿತು. ರಾಜಿಯ ಕಾಲಮ್ಮು ಮಾತ್ರ ಬೇಗ ತುಂಬಿತು. ಅಕ್ಷರ ಒತ್ತಿದರೆ ಅದು ಆಕಳಿಸಿ, ಮೈಮುರಿದು ಆಮೇಲೆ ಮೂಡುತ್ತಿತ್ತು. ಬಿಸಿಲಲ್ಲಿ ಪರದೆ ಕಾಣದು. ನಡುನಡುವೆ ಜಾಹೀರಾತು. ಚಿತ್ರದಲ್ಲಿ ಮೂರು ಎಂಟಾಗಿ ಕಾಣುತ್ತಿತ್ತು.

"ಚಿತ್ರ ಮುಖ್ಯ. ತೆಳ್ಳಗಿರೋದು ತಗೊಳ್ಳಿ," ಎಂದರು ಮೇಡಂ.

"ನಾಲ್ಕೂವರೆಗೆ ಎಬ್ಬಿಸೋದು ಚಿತ್ರಾನಾ?" ಎಂದರು ಮಾವ.

ಮಿಲಿಗ್ರಾಂ ಎರಡನ್ನೂ ಕೈಯಲ್ಲಿ ತೂಗಿದ. ಪೆಟ್ಟಿಗೆಯ ಮೇಲೆ ಇಟ್ಟಿಗೆಯ ತೂಕ ಇನ್ನೂರು ಗ್ರಾಂ ಎಂದಿತ್ತು. ಅವನ ಅಂಗೈ ಇನ್ನೂರ ಹದಿನಾಲ್ಕು ಎಂದಿತು. ಇದನ್ನು ಅಂಗಡಿಯವನ ಗಮನಕ್ಕೆ ತಂದ. ಮಾವ, ಇವನ ಅಂಗೈ ಎಂದೂ ತಪ್ಪಿದ್ದಿಲ್ಲ ಎಂದು ಸಾಕ್ಷಿ ನುಡಿಯುತ್ತ ತಾವೆಲ್ಲ ಯಾವ ಕಚೇರಿಯವರು ಎಂಬುದನ್ನೂ ಹೇಳಿಬಿಟ್ಟರು. ಅಂಗಡಿಯವನ ಮುಖ ಬಿಳಿಚಿತು.

"ಸಾರ್, ಹದಿನಾಲ್ಕು ಗ್ರಾಂ ನಿಮಗೆ ಜಾಸ್ತೀನೇ ಸಿಗ್ತಾ ಇದೆಯಲ್ಲ. ಫೋನನ್ನ ಕಿಲೋ ಲೆಕ್ಕದಲ್ಲಿ ಇಲ್ಲೀತನಕ ಯಾರೂ ಕೇಳಿಲ್ಲ."

ಕೊನೆಗೆ ಒಂದೇ ಪ್ರಶ್ನೆ ಉಳಿಯಿತು. ಇದು ರಾತ್ರಿ ಸದ್ದು ಮಾಡುತ್ತದೆಯೇ? ಅಂಗಡಿಯವನು ತನ್ನ ಮಕ್ಕಳ ಮೇಲೆ ಆಣೆಯಿಟ್ಟು ಇಲ್ಲ ಎಂದ. ಮಿಲಿಗ್ರಾಂ ಇಟ್ಟಿಗೆಯನ್ನು ಕೊಂಡ. ದಾರಿಯುದ್ದಕ್ಕೂ ಮೇಡಂ ತೂಕದ ಹುಚ್ಚಿನ ಬಗ್ಗೆ ನಗುತ್ತಲೇ ಇದ್ದರು. ಹೋದ ತಿಂಗಳು ಕಚೇರಿಯ ವಾರ್ಷಿಕೋತ್ಸವಕ್ಕೆ ಎಲ್ಲರಿಗೂ ಉಡುಗೊರೆಯೆಂದು ಕೊಟ್ಟದ್ದೂ ಒಂದೊಂದು ಪುಟ್ಟ ಡಿಜಿಟಲ್ ತಕ್ಕಡಿಯನ್ನೇ. ತಾವು ಅದರ ಮುಖ ನೋಡಲಾರದೆ ಅದರ ಮೇಲೆ ಸಕ್ಕರೆ ಡಬ್ಬ ಇಟ್ಟುಬಿಟ್ಟಿರುವುದಾಗಿ ಹೇಳಿದರು.

ರಾತ್ರಿ ಹೆಂಡತಿ ಹೊಸ ಫೋನನ್ನು ತಿರುಗಿಸಿ ನೋಡಿ, "ದಪ್ಪ ಇದ್ರೂ ಸಾಧು ಇದೆ," ಎಂದು ಒಂಬತ್ತೂವರೆಗೇ ಮಲಗಿ ಗಾಢ ನಿದ್ದೆಗೆ ಜಾರಿದಳು. ಹೊರಗೆ ಕೂತು ಹೊಸ ಫೋನಿನ ಜೊತೆ ಗುದ್ದಾಡಿದ ಮಿಲಿಗ್ರಾಂ ಆಗಷ್ಟೇ ಬಂದು ಮಲಗಿದ್ದ. ಹನ್ನೊಂದಕ್ಕೆ ಟೈಪಿಸ್ಟ್ ಮೇಡಂ ಅವರ ಸಂದೇಶ ಬಂತು: "ಒಂದೂವರೆ ಗಂಟೆಯಿಂದ ಫೋನಿನ ಎದುರಿಗೇ ಕೂತಿದೀನಿ ಸಾರ್. ಸದ್ದೇ ಇಲ್ಲ."

ಓದಿ ಮುಗಿಸುವಷ್ಟರಲ್ಲಿ ಅವನ ಕೋಣೆಯಲ್ಲಿ, ಟಿಂಕ್.

ಹೆಂಡತಿ ಮಗ್ಗುಲು ಬದಲಿಸಿದಳು; ಏಳಲಿಲ್ಲ. ಇನ್ನೊಂದಕ್ಕೆ ಹನ್ನೊಂದು ನಿಮಿಷವಿದೆ, ಅದಕ್ಕೆ ಏಳದಿರುತ್ತಾಳೆಂದು ಹೇಳಲಾಗದು. ಅವನು ಫೋನನ್ನು ಹೊದಿಕೆಯಲ್ಲಿ ಸುತ್ತಿ ಅಡುಗೆಮನೆಯಲ್ಲಿಟ್ಟು ಬಂದು ಕತ್ತಲಲ್ಲಿ ಕಿವಿಯಾಗಿ ನಿಂತ. ಟಿಂಕ್. ಬೀರುವಿನಿಂದ.

ಫೋನು ತಂದು, ಟಾರ್ಚಿಗೆ ಬೆರಳು ಅಡ್ಡ ಹಿಡಿದು ಬೀರು ತೆರೆದ. ಕೆಳಗಿನ ಅರೆಯಲ್ಲಿ ಹೆಂಡತಿಯ ಉಣ್ಣೆಯ ಉಂಡೆಗಳ ರಾಶಿ. ಅದರಡಿಯಲ್ಲಿ ಸಣ್ಣಗೆ ಹಸಿರು ಬೆಳಕು: 640 ಗ್ರಾಂ. ವಾರ್ಷಿಕೋತ್ಸವದ ತಕ್ಕಡಿ. ಉಣ್ಣೆ ತೂಗಿ ಹಾಗೇ ಒಳಗೆ ತಳ್ಳಿದ್ದಳು. ಮೇಲೆ ಭಾರವಿರುವ ತನಕ ಆರದ, ಬ್ಯಾಟರಿ ಸಾಯುವ ಮುಂಚೆ ಹನ್ನೊಂದು ನಿಮಿಷಕ್ಕೊಮ್ಮೆ ಕೂಗುವ ಆ ಜಾತಿಯ ತಕ್ಕಡಿಗೆ ಅವನು ಈ ವರ್ಷವೇ ನಾನೂರು ಪ್ರಮಾಣಪತ್ರ ಬರೆದಿದ್ದ. ಫೋನನ್ನು ಅಡುಗೆಮನೆಯಲ್ಲಿಟ್ಟ ರಾತ್ರಿ ಉಣ್ಣೆಯೆಲ್ಲ ಹೊರಗೆ ಸೋಫಾದ ಮೇಲೆ ಹರಡಿತ್ತೆಂಬುದೂ ಈಗ ನೆನಪಾಯಿತು. ಕಚೇರಿಯಲ್ಲಿ ಫೋನು ಎಲ್ಲಿ ಕೂತಿತ್ತೆಂಬುದೂ.

ಅವನು ಉಂಡೆಗಳನ್ನು ಒಂದೊಂದಾಗಿ ತೆಗೆದ. ಹಸಿರು ಬೆಳಕು ಆರಿತು.

"ಏನ್ರೀ, ಉಣ್ಣೆ ಇಟ್ಕೊಂಡು ನಿಂತಿದೀರಿ?"

"ಫೋನಿನ ಕೆಳಗೆ ಮೆತ್ತಗೆ ಏನಾದ್ರೂ ಹಾಕೋಣ ಅಂತ."

"ನೋಡಿ, ಹಳೇ ಪೀಡೆ ಹೋಯ್ತು, ಎಷ್ಟು ನೆಮ್ಮದಿ," ಎಂದಳು ನಿದ್ದೆಗಣ್ಣಲ್ಲೇ. "ಅದನ್ನ ಮಾತ್ರ ಇನ್ನು ಹೊಸ್ತಿಲು ದಾಟಿಸಬೇಡಿ."

ಆಗ ಎರಡನೇ ಸಂದೇಶ ಬಂತು. "ಬಂತು ಸಾರ್, ಅಡುಗೆಮನೇಲಿಟ್ಟ ಮೇಲೆ ಬಂತು. ನೀವು ಹೇಳಿದ ಹಾಗೇ ಟಿಂಕ್ ಅಂತ. ನಮ್ಮತ್ತೆ ಎದ್ದು ಕೂತಿದಾರೆ. ನಾಳೆ ವಾಪಸ್ ತರ್ತೀನಿ."

ಸಕ್ಕರೆ ಡಬ್ಬ ಎತ್ತಿಡಿ ಎಂದು ಅವನು ಟೈಪ್ ಮಾಡತೊಡಗಿದ. ಅಕ್ಷರಗಳು ಮೂಡಲು ತಡವಾದದ್ದರಿಂದ ಯೋಚಿಸಲು ಸಮಯ ಸಿಕ್ಕಿತು. ಹೇಳಿದರೆ ನಾಳೆ ಹತ್ತು ಗಂಟೆಗೆ ಇಡೀ ಕಚೇರಿಗೆ ಗೊತ್ತು, ಹನ್ನೊಂದಕ್ಕೆ ಅಧಿಕಾರಿಗಳಿಗೆ: ಹತ್ತೊಂಬತ್ತು ವರ್ಷ ತಕ್ಕಡಿ ಪರೀಕ್ಷಿಸಿದವನಿಗೆ ತಕ್ಕಡಿಯ ದನಿ ಗುರುತಾಗಲಿಲ್ಲ. ಹೆಂಡತಿಗೆ ಹೇಳಿದರೆ ಹಳೆಯ ಒಳ್ಳೆಯ ಫೋನ್ ಮನೆಗೆ ಬರಬಹುದು. ಐದು ರಾತ್ರಿಯ ನಿದ್ದೆ, ಒಂದೇ ಕಡೆಯ ಎರಡು ತೋಳು, ಎಲ್ಲದರ ವಿಚಾರಣೆಯೂ ಅದರ ಜೊತೆಗೇ ಬರುತ್ತದೆ.

ಬರೆದದ್ದನ್ನು ಅಳಿಸಿ, "ಆಗಲಿ, ತನ್ನಿ," ಎಂದು ಕಳಿಸಿದ. ಪುಸ್ತಕ ತೆರೆದು ಬಲಗಡೆಯ ಕಾಲಮ್ಮನ್ನು ನೋಡಿದ. ಕೊನೆಯಲ್ಲಿ ಇನ್ನೂ ಒಂದು ಸಾಲಿಗೆ ಜಾಗವಿತ್ತು. ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಇದನ್ನು ಯಾರಿಗೂ ಹೇಳುವುದಿಲ್ಲ, ಪುಸ್ತಕಕ್ಕೂ.