ಟರೆಟ್‌ಗೆ ಹಾಕಿದ ಹಾರ

ಟಿಕ್, ಟಿಕ್, ಟಿಕ್. ಹಳೇ ವಾಚಿಗೆ ಕೀ ಕೊಟ್ಟ ಹಾಗೆ, ಆದರೆ ಅದಕ್ಕಿಂತ ಗಟ್ಟಿಯಾಗಿ, ಕಿವಿಗಿಂತ ಮೊದಲು ಬೆರಳಿಗೇ ಕೇಳಿಸಿದ ಸದ್ದು ಅದು. ಈಗಲೂ ಬ್ಯಾಂಕಿನಲ್ಲಿ ಯಾರಾದರೂ ಬಾಲ್‌ಪೆನ್ ಒತ್ತುತ್ತಾ ಕೂತರೆ ನನ್ನ ಎದೆ ಧಸಕ್ಕೆನ್ನುತ್ತದೆ. ತಿರುಗಿಸುವ ವಸ್ತುಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗ್ಯಾಸ್ ರೆಗ್ಯುಲೇಟರನ್ನು ಆಫ್ ಮಾಡಿ, ನಿಜವಾಗಿ ಆಫ್ ಆಗಿದೆಯೇ ಎಂದು ತಿಳಿಯಲು ಮತ್ತೆ ಆನ್ ಮಾಡಿ ನೋಡುವವಳು ನಾನು. ಕಾನ್ವೆಂಟಿನಲ್ಲಿ ಮ್ಯೂಸಿಕ್ ಸಿಸ್ಟರ್ ಅವರ ರೇಡಿಯೋದ ಗುಂಡಿಯನ್ನು ಸ್ವಲ್ಪ ತಿರುಗಿಸಿದ್ದಕ್ಕೆ ಸ್ಟೇಷನ್ ಮಾಯವಾಗಿ, ದೇವರೇ ಎಲ್ಲಿಗೋ ಹೊರಟುಹೋದರೇನೋ ಎಂಬಂತೆ ಅವರು ನನ್ನನ್ನು ನೋಡಿದ್ದರು. ಆ ನೋಟ ಇನ್ನೂ ನನ್ನ ಬೆನ್ನಿಗಿದೆ.

ಇಂಥವಳ ಗಂಡನಿಗೆ ರೈಫಲ್ ಶೂಟಿಂಗಿನ ಹುಚ್ಚು. ಪ್ರಾಣಿಗಳ ಮೇಲಲ್ಲ, ಪಾಪ, ಕಾಗದದ ಟಾರ್ಗೆಟ್ ಮೇಲೆ. ಗುರಿ ನೋಡಲು ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಅವರ ಹಳೇ ಸ್ಕೋಪ್, ಮರ್ಯಾದಸ್ಥ ವಸ್ತು. ಅದರ ಗುಂಡಿಗಳಿಗೆ ಮುಚ್ಚಳವಿತ್ತು, ಮುಚ್ಚಳ ಬಿಚ್ಚಿದರೂ ನಾಣ್ಯ ಇಟ್ಟು ತಿರುಗಿಸಬೇಕಿತ್ತು. ಹೊಸದು ಬಂತು ನೋಡಿ, ತಲೆಯ ಮೇಲೊಂದು, ಪಕ್ಕದಲ್ಲೊಂದು, ಬೋಳು ಗುಂಡಿಗಳು. “ಇದಕ್ಕೆ ಟರೆಟ್ ಅಂತಾರೆ” ಎಂದರು. ಟರೆಟ್ ನನಗೆ ಗೊತ್ತಿತ್ತು. ನಮ್ಮ ಇಂಗ್ಲಿಷ್ ರೀಡರಿನಲ್ಲಿ ರಾಜಕುಮಾರಿ ಕೂತು ಅಳುತ್ತಿದ್ದ ಕೋಟೆಯ ಮೂಲೆ ಅದು.

“ಮುಚ್ಚಳ ಎಲ್ರೀ?”

“ಈಗಿನ ಡಿಸೈನ್‌ಗೆ ಮುಚ್ಚಳ ಇರಲ್ಲ. ಬೇಗ ತಿರುಗಿಸೋಕೆ ಆಗ್ಬೇಕಲ್ಲ.”

“ಉಪ್ಪಿನಕಾಯಿ ಭರಣಿಗೇ ಮುಚ್ಚಳ ಇರುತ್ತೆ. ಗನ್ನಿಗೆ ಬೇಡ್ವಾ?”

“ಲಾಕ್ ಇರೋದೂ ಬರುತ್ತೆ ಮಾರಾಯ್ತಿ. ಮನೇಲಿ ಚಿಕ್ಕ ಮಕ್ಕಳಿಲ್ವಲ್ಲ ಅಂತ ನಾನೇ ಬೇಡ ಅಂದೆ.”

ಆಮೇಲೆ ಪಾಠ ಶುರುವಾಯಿತು. ದೂರ ಹೋದಷ್ಟೂ ಗುಂಡು ಕೆಳಕ್ಕೆ ಇಳಿಯುತ್ತದಂತೆ. ಅದಕ್ಕೆ ಮೇಲಿನ ಟರೆಟ್ ತಿರುಗಿಸಬೇಕು. ಒಂದು ಕ್ಲಿಕ್ ತಿರುಗಿಸಿದರೆ ನೂರು ಮೀಟರಿನಲ್ಲಿ ಗುಂಡು ಒಂದು ಸೆಂಟಿಮೀಟರ್ ಮೇಲೆ ಬೀಳುತ್ತದೆ, ದೂರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. “ಇನ್ನೊಂದು ಮುಖ್ಯ ವಿಷಯ” ಎಂದು ಅವರು ಬೆರಳೆತ್ತುವಷ್ಟರಲ್ಲಿ ಕುಕ್ಕರ್ ಕೂಗಿತು. ನಾನು ಒಳಗೆ ಓಡಿದೆ. ಆ ಮುಖ್ಯ ವಿಷಯ ಅಲ್ಲೇ ಉಳಿಯಿತು.

ಆಯುಧಪೂಜೆ ಬಂತು. ಜೀಪು, ಕತ್ತಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ರೈಫಲ್ಲನ್ನು ಹಾಲಿನಲ್ಲಿ ಮಣೆಯ ಮೇಲಿಟ್ಟು, ಚೆಂಡುಹೂವಿನ ಹಾರ ಸಿಕ್ಕಿಸಲು ಜಾಗ ಹುಡುಕಿದೆ. ಟರೆಟ್‌ಗಿಂತ ಒಳ್ಳೇ ಗೂಟ ಎಲ್ಲಿ ಸಿಗಬೇಕು? ಒಂದು ಸುತ್ತು ಸುತ್ತಿದೆ. ಒಂದು ತುದಿ ಉದ್ದವಾಯಿತು. ಕಾನ್ವೆಂಟಿನಲ್ಲಿ ರಿಬ್ಬನ್ನಿನ ಎರಡು ತುದಿ ಸಮ ಇಲ್ಲದಿದ್ದರೆ ಕ್ಲಾಸಿಗೇ ಬಿಡುತ್ತಿರಲಿಲ್ಲ. ಅದೇ ಅಭ್ಯಾಸದಲ್ಲಿ ಇನ್ನೊಂದು ತುದಿ ಹಿಡಿದು ಎಳೆದೆ. ಟಿಕ್, ಟಿಕ್, ಟಿಕ್, ಟಿಕ್. ಎಷ್ಟಾಯಿತೋ, ಆ ಶಿವನಿಗೇ ಗೊತ್ತು.

ಹಿಂದಕ್ಕೆ ತಿರುಗಿಸೋಣವೆಂದರೆ ಅಷ್ಟರಲ್ಲಿ ಅವರು ಮಂಗಳಾರತಿ ಹಿಡಿದು ಬಂದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಮುಟ್ಟಿದರೂ ಯಾವ ಕಡೆಗೆ, ಎಷ್ಟು ತಿರುಗಿಸಲಿ? ಮರುದಿನ ವಿಜಯದಶಮಿ, ಮೂಡಿಗೆರೆ ಹತ್ತಿರ ಸ್ನೇಹಿತರೊಬ್ಬರ ಎಸ್ಟೇಟಿನಲ್ಲಿ ಅವರ ವರ್ಷದ ಶೂಟಿಂಗ್. ಗುರಿಯ ಹಿಂದೆ ಮಣ್ಣಿನ ದಿಬ್ಬ, ದಿಬ್ಬದ ಆಚೆ ಜಾವಳಿ ಕಡೆಯ ರಸ್ತೆ. ಗುಂಡು ಸೆಂಟಿಮೀಟರ್ ಸೆಂಟಿಮೀಟರಾಗಿ ದಿಬ್ಬ ಹತ್ತುವುದು, ಇಳಿಯುವುದು, ಸರಿಯಾಗಿ ಆ ಹೊತ್ತಿಗೇ ಬಸ್ಸು ಬರುವುದು, ಕಿಟಕಿಯ ಪಕ್ಕ ತಲೆಯಾನಿಸಿ ಯಾರೋ ಬಸುರಿ ಹೆಂಗಸು ನಿದ್ದೆ ಮಾಡುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು. ಹೇಳಿಬಿಡಲೇ ಎಂದು ಬಾಯಿ ತೆರೆದಾಗಲೆಲ್ಲ ಮ್ಯೂಸಿಕ್ ಸಿಸ್ಟರ್ ಎದುರಿಗೆ ನಿಂತರು.

ಯಾವತ್ತೂ ಹೋಗದವಳು ಮರುದಿನ ಜೀಪು ಹತ್ತಿ ಕೂತೆ. “ಏನು ಇವತ್ತು ವಿಶೇಷ?” ಎಂದರು. “ಸುಮ್ನೆ, ಫ್ರೆಶ್ ಏರ್” ಎಂದೆ, ಫ್ರೆಶ್ ಏರ್‌ನಲ್ಲೇ ಹುಟ್ಟಿ ಬೆಳೆದವಳು. ಅವರು ಬೆಂಚಿನ ಮೇಲೆ ರೈಫಲ್ ಇಟ್ಟು, ಕೆನ್ನೆ ಒರಗಿಸಿ, ಉಸಿರು ಹಿಡಿದರು. ದಿಬ್ಬದ ಆಚೆ ಎಲ್ಲೋ ಬಸ್ಸಿನ ಹಾರ್ನ್ ಕೇಳಿತು.

“ಸ್ಟಾಪ್ ಅಟ್ ಒನ್ಸ್!” ಎಂದು ಕಿರುಚಿದೆ. ಅಪ್ಪಟ ಸಿಸ್ಟರ್ ದನಿ. ಗಂಡಸರೆಲ್ಲ ನಿಂತಲ್ಲೇ ನಿಂತರು. ಮೂಡಿಗೆರೆಯಲ್ಲಿ ಜೀಪ್ ಗ್ಯಾರೇಜ್ ಇಟ್ಟಿರುವ, ನಮ್ಮವರ ಹಳೇ ಗೆಳೆಯ ಬಶೀರ್ ಗುಂಡು ಹಾರಿಸಬೇಡಿ ಎನ್ನುವ ಕೆಂಪು ಬಾವುಟವನ್ನೇ ಎತ್ತಿಬಿಟ್ಟ.

“ಹಾರ… ಟರೆಟ್‌ಗೆ ಹಾರ ಹಾಕಿ ಎಳೆದೆ ಕಣ್ರೀ. ತಿರುಗಿಬಿಡ್ತು.”

ನಮ್ಮವರು ನಿಧಾನವಾಗಿ ತಲೆಯೆತ್ತಿದರು. “ಗೊತ್ತು. ಬೆಳಿಗ್ಗೆನೇ ನೋಡಿ ಸರಿ ಮಾಡ್ದೆ. ಸಂದೀಲಿ ಚೆಂಡುಹೂವಿನ ಎಸಳು ಸಿಕ್ಕೊಂಡಿತ್ತು. ಅದಕ್ಕೇ ಝೀರೋ ಸ್ಟಾಪ್ ಅಂತ ಇರೋದು. ಎಷ್ಟಾದ್ರೂ ತಿರುಗಿರ್ಲಿ, ಹಿಂದಕ್ಕೆ ತಿರುಗಿಸ್ತಾ ಹೋದ್ರೆ ಮೊದಲಿದ್ದ ಜಾಗಕ್ಕೆ ಬಂದು ಟಕ್ ಅಂತ ನಿಲ್ಲುತ್ತೆ. ಅಲ್ಲಿಂದ ಹೊಸದಾಗಿ ಎಣಿಸಿದ್ರಾಯ್ತು. ಹೇಳೋಕೆ ಬಂದ್ರೆ ಕುಕ್ಕರ್ ಅಂತ ಓಡಿದ್ಯಲ್ಲ!”

“ಗೊತ್ತಿದ್ದೂ ಹೇಳ್ಲಿಲ್ವಾ?”

“ನೀನಾಗೇ ಯಾವಾಗ ಹೇಳ್ತೀಯೋ ನೋಡೋಣ ಅಂತ.”

ಮತ್ತೆ ಗುರಿ ಹಿಡಿದು ಹೊಡೆದರು. ಗುಂಡು ಟಾರ್ಗೆಟ್ ಬಿಟ್ಟು ದಿಬ್ಬದ ಬುಡಕ್ಕೆ ಹೋಗಿ ಮಣ್ಣು ಹಾರಿಸಿತು. ಬಶೀರ್ ನಗು ತಡೆದುಕೊಂಡು ಹೇಳಿದ: “ಸ್ಕೋಪ್ ಸರಿ ಇದೆ ಅಕ್ಕ. ಅಣ್ಣ ಅಲ್ಲಾಡ್ತಾ ಇರೋದು ನೀವು ಕೂಗಿದ್ದಕ್ಕೆ!”

ವಾಪಸ್ ಬರುವಾಗ ನಾನು ಜೀಪಿನಲ್ಲಿ ಮುಖ ಆ ಕಡೆ ತಿರುಗಿಸಿ ಕೂತೆ. ಅವರು ದಾರಿಯುದ್ದಕ್ಕೂ ಶಿಳ್ಳೆ ಹಾಕಿದರು.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅವರನ್ನು ಆಪರೇಷನ್ನಿಗೆ ಕರೆದೊಯ್ಯುತ್ತಿದ್ದರು. ನರ್ಸ್ ಡ್ರಿಪ್ಪಿನ ಪುಟ್ಟ ಚಕ್ರವನ್ನು ತಿರುಗಿಸಿದಳು. ನಮ್ಮವರು ಅದನ್ನೇ ನೋಡುತ್ತಾ, “ಕ್ಲಿಕ್ಕೇ ಇಲ್ವಲ್ಲಮ್ಮ ಇದಕ್ಕೆ, ಎಂಥ ಡಿಸೈನ್?” ಎಂದರು. ನಾನು ಹೆದರಿ ಗಾಲಿಮಂಚದ ಕಂಬಿಯನ್ನು ಬಿಡದೆ ಹಿಡಿದಿದ್ದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು: “ಹೆದರ್ಬೇಡ. ನಾನು ಬರೋವರೆಗೆ ಯಾವುದಕ್ಕೂ ಹಾರ ಹಾಕ್ಬೇಡ, ಅಷ್ಟೇ.”

ಬಾಗಿಲು ಮುಚ್ಚುವವರೆಗೂ ನಗುತ್ತಲೇ ಇದ್ದರು. ನಾನು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ. ಹಾಲಿನಲ್ಲಿ ಅವರ ಫೋಟೋ ಇದೆ. ನೆಂಟರು ಬಂದಾಗಲೆಲ್ಲ ಕೇಳುತ್ತಾರೆ, ಹಾರ ಯಾಕೆ ಹಾಕಿಲ್ಲವೆಂದು. ಎರಡು ತುದಿ ಸಮ ಬರಲ್ಲ ಎನ್ನುತ್ತೇನೆ.